ಅಂಗಳದ ಜೈಂಟ್ ವೀಲ್

ಹಳೇ ಸೈಕಲ್ಲಿನ ಎರಡು ಚಕ್ರ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದವು. ಎಸೆಯಲು ಮನಸ್ಸಾಗಲಿಲ್ಲ. ಈಗ ಅವೇ ಅಂಗಳದಲ್ಲಿ ಜೈಂಟ್ ವೀಲ್ ಆಗಿ ನಿಂತಿವೆ. ತೊಟ್ಟಿಲುಗಳ ಜಾಗದಲ್ಲಿ ಆರು ಹೂಕುಂಡ.

ಮೊದಲ ಸಲ ಮಾಡಿದ್ದು ಪೂರ್ತಿ ಎಡವಟ್ಟು. ಪ್ಲಾಸ್ಟಿಕ್ ಕುಂಡದ ಹೊಟ್ಟೆಗೇ ತೂತು ಕೊರೆದು, ಎರಡು ಚಕ್ರಗಳ ನಡುವಿನ ಸರಳು ತೂರಿಸಿದ್ದೆ. ಚಕ್ರ ಅರ್ಧ ಸುತ್ತು ತಿರುಗುವಷ್ಟರಲ್ಲಿ ಒಂದು ಕುಂಡ ಮಗುಚಿ ಮಣ್ಣೆಲ್ಲ ನನ್ನ ತಲೆ ಮೇಲೆ! ನೇತಾಡುವ ಜಾಗ ಭಾರದ ನಡುವಿಗಿಂತ ಮೇಲಿರಬೇಕು. ಗಿಡ ಬೆಳೆದಷ್ಟೂ ಆ ನಡು ಮೇಲಕ್ಕೆ ಏರುತ್ತದೆ. ನನಗೆ ಅದು ಹೊಳೆದೇ ಇರಲಿಲ್ಲ. ಆಮೇಲೆ ಬಕೆಟ್ಟಿಗಿರುವಂಥ ತಂತಿಯ ಹಿಡಿ ಮಾಡಿ, ಸರಳಿಗೆ ತೂಗುಹಾಕಿದೆ. ಎತ್ತರದ ಗಿಡ ಬಿಟ್ಟು, ಜೋತುಬೀಳುವ ಬಳ್ಳಿ ನೆಟ್ಟೆ.

ನೀರು ಹಾಕುವುದು ಇನ್ನೊಂದು ತಲೆನೋವು. ಒಂದೇ ಕಡೆ ಹಾಕಿದರೆ ಆ ಕಡೆ ಧಡಕ್ಕನೆ ಕೆಳಗೆ. ಹಾಗಾಗಿ ಚಕ್ರ ಅಲ್ಲಾಡದಂತೆ ಒಂದು ಕೊಕ್ಕೆ ಹಾಕಿ, ಎದುರುಬದುರು ಕುಂಡಗಳಿಗೆ ಸಮನಾಗಿ ಹಾಕುತ್ತೇನೆ. ಮೇಲಿನದರಿಂದ ತೊಟ್ಟಿಕ್ಕಿದ ನೀರು ಕೆಳಗಿನದಕ್ಕೆ. ಅದೊಂದು ಪುಕ್ಕಟೆ ಲಾಭ.

1893ರಲ್ಲಿ ಷಿಕಾಗೋದ ವಿಶ್ವಮೇಳಕ್ಕೆ ಜಾರ್ಜ್ ಫೆರಿಸ್ ಕಟ್ಟಿದ ಚಕ್ರದ ಎತ್ತರ 264 ಅಡಿ. 36 ಡಬ್ಬಿ, ಒಂದೊಂದರಲ್ಲಿ 60 ಜನ. ನನ್ನದು ಆರು ಕುಂಡಕ್ಕೇ ಮುನಿಸಿಕೊಳ್ಳುತ್ತದೆ, ನೋಡಿ.

ಮಗಳು ದಿನಾ ಬೆಳಿಗ್ಗೆ ಕೊಕ್ಕೆ ತೆಗೆದು ಅರ್ಧ ಸುತ್ತು ತಿರುಗಿಸುತ್ತಾಳೆ. ಎಲ್ಲ ಗಿಡಕ್ಕೂ ಬಿಸಿಲು ಸಿಗಬೇಕು, ಅಲ್ವಾ?