ಸ್ಟಾರ್ ಆಟಗಾರನನ್ನು ಕಿಕ್‌ಆಫ್‌ಗೆ ಇಳಿಸಬೇಕೆ?

ಓಹಾಯೋ ರಾಜ್ಯದ ಕೊಲಂಬಸ್ ನಗರದ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಗ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸೇರಿದನೆಂದರೆ ಆಗಸ್ಟ್ ಕೊನೆಯಿಂದ ಶುಕ್ರವಾರದ ಸಂಜೆಗಳೆಲ್ಲ ಮೈದಾನಕ್ಕೆ ಮೀಸಲು. ಆಟದ ನಿಯಮಗಳು ತಲೆಗೆ ಹತ್ತಲು ಒಂದೆರಡು ಸೀಸನ್ ಹಿಡಿಯುತ್ತದೆ. ಆದರೆ ಒಂದು ಪ್ರಶ್ನೆ ಮಾತ್ರ ಮೊದಲ ತಿಂಗಳಲ್ಲೇ ಹುಟ್ಟುತ್ತದೆ, ಮತ್ತು ಈ ಆಟವನ್ನು ಬಹುಕಾಲದಿಂದ ನೋಡುತ್ತ ಬಂದವನೆಂಬ ಕಾರಣಕ್ಕೆ ಅದನ್ನು ನನ್ನ ಮುಂದಿಡುತ್ತಾರೆ: ತಂಡದ ಅತ್ಯುತ್ತಮ ಹುಡುಗನನ್ನು ಸ್ಪೆಷಲ್ ಟೀಮ್ಸ್‌ನಲ್ಲೂ ಏಕೆ ಆಡಿಸುತ್ತಾರೆ, ಅಲ್ಲಿ ಅವನ ಮಂಡಿ ಹೋದರೆ ಇಡೀ ಸೀಸನ್ ಹೋದಂತಲ್ಲವೇ?

ಪರಿಚಯವಿಲ್ಲದವರಿಗಾಗಿ ಒಂದು ಮಾತು. ಚೆಂಡನ್ನು ಮುಂದೊಯ್ಯುವ ಹನ್ನೊಂದು ಮಂದಿಯ ಅಫೆನ್ಸ್, ಅದನ್ನು ತಡೆಯುವ ಹನ್ನೊಂದು ಮಂದಿಯ ಡಿಫೆನ್ಸ್, ಇವೆರಡಲ್ಲದೆ ಒದೆತದ ಸಂದರ್ಭಗಳಿಗೆಂದೇ ಕಣಕ್ಕಿಳಿಯುವ ಗುಂಪುಗಳಿಗೆ ಸ್ಪೆಷಲ್ ಟೀಮ್ಸ್ ಎನ್ನುತ್ತಾರೆ. ಆಟ ಆರಂಭಿಸುವ ಕಿಕ್‌ಆಫ್ ಮತ್ತು ಅದನ್ನು ಹಿಡಿದು ಓಡುವ ರಿಟರ್ನ್, ಚೆಂಡನ್ನು ಎದುರಾಳಿಗೆ ದೂರ ಒದ್ದುಕೊಡುವ ಪಂಟ್ ಮತ್ತು ಅದರ ರಿಟರ್ನ್, ಅಂಕಕ್ಕಾಗಿ ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್, ಇವೆಲ್ಲ ಅದರಲ್ಲಿ ಸೇರುತ್ತವೆ. ಕೇಳುವವರು ಇವನ್ನೆಲ್ಲ ಒಂದೇ ಅಪಾಯವೆಂದು ಭಾವಿಸುತ್ತಾರೆ. ಅಲ್ಲಿಂದಲೇ ಗೊಂದಲ ಆರಂಭವಾಗುತ್ತದೆ. ನನ್ನ ಉತ್ತರ ಹೀಗಿದೆ: ಪಂಟ್ ಹಿಡಿಯಲು ಸ್ಟಾರ್ ಇರಲಿ, ಪಂಟರ್‌ನನ್ನು ಕಾಯಲೂ ಇರಲಿ, ಕಿಕ್‌ಆಫ್ ಹಿಡಿದು ಓಡಲು ಪಂದ್ಯ ನೋಡಿಕೊಂಡು ಇರಲಿ, ಆದರೆ ಕಿಕ್‌ಆಫ್ ಒದ್ದ ಮೇಲೆ ಎದುರಾಳಿಯನ್ನು ಉರುಳಿಸಲು ಓಡುವ ಕವರೇಜ್ ಗುಂಪಿನಲ್ಲಿ ಅವನು ಬೇಡ. ಅವನ ಜಾಗಕ್ಕೆ ಯಾರನ್ನು ಕಳಿಸುತ್ತೀರಿ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ, ಮತ್ತು ಅದನ್ನು ಯಾರೂ ಕೇಳುವುದಿಲ್ಲ.

ಕವರೇಜ್ ಏಕೆ ಬೇರೆ ಎಂಬುದನ್ನು ತಿಳಿಯಲು ವೇಗದ ಲೆಕ್ಕ ಸಾಕು. ಸಾಮಾನ್ಯ ಆಟದಲ್ಲಿ ಎರಡೂ ಕಡೆಯ ಮುಂಸಾಲಿನವರಾದ ಲೈನ್‌ಮನ್‌ಗಳು ಒಂದು ಗಜದೊಳಗಿನ ಅಂತರದಲ್ಲಿ ಎದುರುಬದುರಾಗಿರುತ್ತಾರೆ. ಡಿಕ್ಕಿ ಬಲವಾಗಿದ್ದರೂ ಓಟದ ವೇಗ ಅದಕ್ಕೆ ಕೂಡಿಕೊಳ್ಳುವಷ್ಟು ಜಾಗವಿರುವುದಿಲ್ಲ. ಹೈಸ್ಕೂಲಿನ ಕಿಕ್‌ಆಫ್‌ನಲ್ಲಿ ಚೆಂಡನ್ನು ತಮ್ಮ 40 ಗಜದ ಗೆರೆಯಿಂದ ಒದೆಯುತ್ತಾರೆ, ಮತ್ತು ಒದೆಯುವವನ ಅಕ್ಕಪಕ್ಕದ ಹತ್ತು ಮಂದಿ ಮೂವತ್ತು ನಲವತ್ತು ಗಜಗಳಷ್ಟು ಪೂರ್ಣ ವೇಗದಲ್ಲಿ ಓಡುತ್ತಾರೆ. ಎದುರಿನಿಂದ ಅವರನ್ನು ತಡೆಯಲು ಬರುವವರೂ, ಚೆಂಡು ಹಿಡಿದವನೂ ಅಷ್ಟೇ ವೇಗ ಪಡೆದಿರುತ್ತಾರೆ. ಈ ಅಪಾಯವನ್ನು ನಿಯಮ ರೂಪಿಸುವವರೂ ಬಲ್ಲರು: ಒದೆಯುವ ತಂಡದವರು ಗೆರೆಯಿಂದ ಐದು ಗಜಕ್ಕಿಂತ ಹಿಂದಿನಿಂದ ಓಡಿಬರುವಂತಿಲ್ಲ, ಒದೆಯುವವನ ಎರಡೂ ಬದಿಯಲ್ಲಿ ಕನಿಷ್ಠ ನಾಲ್ವರು ಇರಬೇಕು. ಎದುರಾಳಿ ನೋಡದ ಕಡೆಯಿಂದ ಬಂದು ಬಲವಾಗಿ ಗುದ್ದುವ ಬ್ಲಾಕ್ ಅನ್ನೂ, ಚೆಂಡನ್ನು ನೆಲಕ್ಕೆ ಒಮ್ಮೆ ಬಡಿದು ಮೇಲಕ್ಕೆ ಚಿಮ್ಮಿಸುವ ಪಾಪ್-ಅಪ್ ಒದೆತವನ್ನೂ 2017ರಲ್ಲಿ ನಿಷೇಧಿಸಲಾಯಿತು.

ಕಾಲೇಜು ಮಟ್ಟದಲ್ಲಿ ಇದಕ್ಕೆ ಅಳತೆಯೇ ಸಿಕ್ಕಿದೆ. ಹಾರ್ವರ್ಡ್, ಯೇಲ್ ಮುಂತಾದ ವಿಶ್ವವಿದ್ಯಾಲಯಗಳ ಐವಿ ಲೀಗ್‌ನ 2015ರ ಸೀಸನ್‌ನಲ್ಲಿ, ಚೆಂಡು ಚಾಲನೆಗೆ ಬಂದ ಒಟ್ಟು ಸರದಿಗಳಲ್ಲಿ (ಪ್ಲೇಗಳಲ್ಲಿ) ಕಿಕ್‌ಆಫ್‌ನ ಪಾಲು ಶೇ. 6 ಮಾತ್ರ, ಆದರೆ ಮಿದುಳಿಗೆ ಪೆಟ್ಟಾದ ಪ್ರಕರಣಗಳಲ್ಲಿ ಅದರ ಪಾಲು ಶೇ. 21. ಮುಂದಿನ ವರ್ಷ ಅವರು ಒದೆಯುವ ಗೆರೆಯನ್ನು 35ರಿಂದ 40 ಗಜಕ್ಕೆ ಸರಿಸಿ, ಟಚ್‌ಬ್ಯಾಕ್ ಆದರೆ, ಅಂದರೆ ಒದೆತ ರಿಟರ್ನ್ ಇಲ್ಲದೆ ಗೋಲ್ ಗೆರೆಯ ಆಚೆಯೇ ಮುಗಿದರೆ, ಚೆಂಡು ಸಿಗುವ ಜಾಗವನ್ನು 25ರಿಂದ 20ಕ್ಕೆ ಇಳಿಸಿದರು. ಹೆಚ್ಚು ಒದೆತಗಳು ಗೋಲ್ ಗೆರೆಯ ಆಚೆಯ ಎಂಡ್ ಝೋನ್ ತಲುಪಿ ಅಲ್ಲೇ ಮುಗಿಯತೊಡಗಿದವು, ಮತ್ತು ಸಾವಿರ ಕಿಕ್‌ಆಫ್‌ಗಳಿಗೆ ಹನ್ನೊಂದರ ಹತ್ತಿರವಿದ್ದ ಮಿದುಳಿನ ಪೆಟ್ಟುಗಳ ಪ್ರಮಾಣ ಎರಡರ ಆಸುಪಾಸಿಗೆ ಬಂದಿತು. ಐದು ಗಜದ ಬದಲಾವಣೆಗೆ ಸಿಕ್ಕ ಈ ಫಲವನ್ನು ನಾನು ಪ್ರತಿ ಸಂಭಾಷಣೆಯಲ್ಲೂ ಮುಂದಿಡುತ್ತೇನೆ. ಮಕ್ಕಳ ಫುಟ್‌ಬಾಲ್ ನಡೆಸುವ ಪಾಪ್ ವಾರ್ನರ್ ಸಂಸ್ಥೆ 2016ರಲ್ಲಿ ತನ್ನ ಅತಿ ಕಿರಿಯ ವಿಭಾಗಗಳಲ್ಲಿ ಕಿಕ್‌ಆಫ್ ಅನ್ನೇ ಕೈಬಿಟ್ಟಿತು.

ಈಗ ಸ್ಟಾರ್ ಬದಲಿಗೆ ಇಳಿಯುವ ಹುಡುಗನ ವಿಷಯಕ್ಕೆ ಬರುತ್ತೇನೆ. 2010ರ ಅಕ್ಟೋಬರ್ 16ರಂದು ರಟ್ಗರ್ಸ್ ವಿಶ್ವವಿದ್ಯಾಲಯದ ಎರಿಕ್ ಲೆಗ್ರಾಂಡ್ ಆರ್ಮಿ ತಂಡದ ವಿರುದ್ಧ ಕಿಕ್‌ಆಫ್ ಕವರೇಜ್‌ನಲ್ಲಿ ಓಡುತ್ತ ತಲೆ ಬಗ್ಗಿಸಿ ಡಿಕ್ಕಿ ಹೊಡೆದ. ಕುತ್ತಿಗೆಯ ಮೂಳೆಗಳು ಮುರಿದು ಕುತ್ತಿಗೆಯ ಕೆಳಗೆ ದೇಹ ನಿಶ್ಚಲವಾಯಿತು. ಅವನು ಡಿಫೆನ್ಸ್‌ನ ಮುಂಸಾಲಿನಲ್ಲಿ ಆಡುವ ಡಿಫೆನ್ಸಿವ್ ಟ್ಯಾಕಲ್, ಪತ್ರಿಕೆಗಳ ಮುಖಪುಟದಲ್ಲಿ ದಿನವೂ ಮಿಂಚುತ್ತಿದ್ದ ಹೆಸರಲ್ಲ. ಹೈಸ್ಕೂಲಿನಲ್ಲಿ ಸ್ಟಾರ್‌ನನ್ನು ಕವರೇಜ್‌ನಿಂದ ತೆಗೆದರೆ ಅವನ ಜಾಗಕ್ಕೆ ಬರುವವನು ಸಾಮಾನ್ಯವಾಗಿ ಒಂಬತ್ತನೇ ಅಥವಾ ಹತ್ತನೇ ತರಗತಿಯ, ತೂಕ ಕಡಿಮೆಯಿರುವ, ಹೇಗಾದರೂ ಕೋಚ್‌ನ ಕಣ್ಣಿಗೆ ಬೀಳಬೇಕೆಂದು ತವಕಿಸುತ್ತಿರುವ ಹುಡುಗ. ಟ್ಯಾಕಲ್ ಮಾಡುವಾಗ, ಅಂದರೆ ಎದುರಾಳಿಯನ್ನು ಹಿಡಿದು ಉರುಳಿಸುವಾಗ, ತಲೆಯೆತ್ತಿ ಭುಜದಿಂದ ತಾಗುವ ಅಭ್ಯಾಸ ಅವನಿಗಿನ್ನೂ ಮೈಗೂಡಿರುವುದಿಲ್ಲ. ಸ್ಟಾರ್‌ಗೆ ಅಪಾಯವೆಂದು ಕಂಡದ್ದು ಇವನಿಗೆ ಹೆಚ್ಚಿನ ಅಪಾಯ. ಆದ್ದರಿಂದ ಸ್ಟಾರ್‌ನನ್ನು ಕವರೇಜ್‌ನಿಂದ ತೆಗೆಯಿರಿ ಎಂದು ಒತ್ತಾಯಿಸುವ ಪೋಷಕರ ಜೊತೆ ನಾನು ಅರ್ಧ ದಾರಿ ಮಾತ್ರ ಹೋಗುತ್ತೇನೆ. ಆ ಗುಂಪಿಗೆ ತರಬೇತಿ ಪಡೆದ, ದೇಹ ಬಲಿತ, ಡಿಫೆನ್ಸ್‌ನ ಎರಡನೇ ಸಾಲಿನ ಹುಡುಗರು ಬೇಕು. ಅವರೂ ಇಲ್ಲದಿದ್ದರೆ ಒದೆತದ ಕ್ರಮವನ್ನೇ ಬದಲಿಸಬೇಕು.

ಅದು ಅಸಾಧ್ಯವೇನೂ ಅಲ್ಲ. ಓಹಾಯೋ ಪಾಲಿಸುವ ಹೈಸ್ಕೂಲ್ ನಿಯಮಗಳಲ್ಲಿ ಕಿಕ್‌ಆಫ್ ಗೋಲ್ ಗೆರೆಯನ್ನು ದಾಟಿದ ಕ್ಷಣವೇ ಚೆಂಡು ನಿರ್ಜೀವವಾಗುತ್ತದೆ. ವೃತ್ತಿಪರ ಆಟದಂತೆ ಎಂಡ್ ಝೋನ್‌ನಿಂದ ಹೊರಗೆ ಓಡಿಬರುವ ಅವಕಾಶ ಇಲ್ಲಿಲ್ಲ. ಅರುವತ್ತು ಗಜ ಒದೆಯಬಲ್ಲ ಒಬ್ಬ ಹುಡುಗ ಸಿಕ್ಕರೆ ಇಪ್ಪತ್ತೆರಡು ಮಕ್ಕಳೂ ಆ ಡಿಕ್ಕಿಯಿಂದ ಪಾರು. ಅಂಥ ಕಾಲು ಹೆಚ್ಚಾಗಿ ಸಾಕರ್ ತಂಡದಲ್ಲಿರುತ್ತದೆ, ಮತ್ತು ಅದನ್ನು ಹುಡುಕಿ ಬೆಳೆಸಲು ಕೋಚ್‌ಗಳು ತೋರುವ ಆಸಕ್ತಿ ನನಗೆ ಎಂದೂ ಸಾಕೆನಿಸಿಲ್ಲ. ಅಫೆನ್ಸ್ ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಪ್ರತ್ಯೇಕ ತರಬೇತುದಾರರಿರುವ ಶಾಲೆಗಳಲ್ಲೂ ಒದೆಯುವ ಹುಡುಗ ಅಂಗಳದ ಮೂಲೆಯಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತಿರುತ್ತಾನೆ.

ರಿಟರ್ನ್ ವಿಷಯದಲ್ಲಿ ಈ ರಾಜ್ಯದವರಿಗೆ ಒಂದು ಘಟನೆ ಮರೆಯುವುದಿಲ್ಲ. ಕ್ಲೀವ್‌ಲ್ಯಾಂಡಿನ ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ತಂದೆಯ ಕೋಚಿಂಗ್‌ನಲ್ಲೇ ಬೆಳೆದ ಟೆಡ್ ಗಿನ್ ಜೂನಿಯರ್, 2007ರ ಜನವರಿ 8ರಂದು ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ ಆಟದ ಮೊದಲ ಒದೆತವನ್ನೇ ಹಿಡಿದು 93 ಗಜ ಓಡಿ, ಎದುರಾಳಿಯ ಎಂಡ್ ಝೋನ್‌ಗೆ ಚೆಂಡು ಮುಟ್ಟಿಸಿ ಟಚ್‌ಡೌನ್ ಮಾಡಿದ. ಸಂಭ್ರಮದಲ್ಲಿ ಸಹ ಆಟಗಾರರು ಮೇಲೆ ಬಿದ್ದು ಅವನ ಕಾಲಿಗೆ ಪೆಟ್ಟಾಯಿತು. ಸ್ವಲ್ಪ ಹೊತ್ತಿನಲ್ಲೇ ಅವನು ಪಂದ್ಯದಿಂದ ಹೊರಗುಳಿದ, ಫ್ಲೋರಿಡಾ 41–14ರಿಂದ ಗೆದ್ದಿತು. ಸ್ಟಾರ್‌ನನ್ನು ರಿಟರ್ನ್‌ಗೆ ಇಳಿಸಬಾರದು ಎನ್ನುವವರು ಇದನ್ನೇ ಸಾಕ್ಷಿಯಾಗಿ ತರುತ್ತಾರೆ. ನನಗೆ ಅದು ಸಾಕ್ಷಿಯಾಗಿ ಕಾಣುವುದಿಲ್ಲ, ಏಕೆಂದರೆ 93 ಗಜದ ಓಟದಲ್ಲಿ ಅವನಿಗೆ ಏನೂ ಆಗಲಿಲ್ಲ. ರಿಟರ್ನ್ ಮಾಡುವವನಿಗೆ ಅಂಗಳವೆಲ್ಲ ಎದುರಿಗೇ ಕಾಣುತ್ತದೆ, ಡಿಕ್ಕಿಯ ದಿಕ್ಕನ್ನು ಸ್ವಲ್ಪಮಟ್ಟಿಗೆ ಅವನೇ ಆರಿಸಿಕೊಳ್ಳುತ್ತಾನೆ. ಆದರೂ ವೇಗದ ಲೆಕ್ಕ ಅಲ್ಲೂ ಸುಳ್ಳಾಗುವುದಿಲ್ಲವಾದ್ದರಿಂದ, ಹತ್ತು ಪಂದ್ಯಗಳ ಸೀಸನ್‌ನಲ್ಲಿ ಪ್ರತಿ ಕಿಕ್‌ಆಫ್‌ಗೂ ಅವನನ್ನೇ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಸಮಬಲದ ಎದುರಾಳಿಯ ಮುಂದೆ, ಅಂಕ ಬೇಕಾದಾಗ ನಿಲ್ಲಿಸಲಿ.

ಪಂಟ್ ರಿಟರ್ನ್‌ನಲ್ಲಿ ಸ್ಟಾರ್‌ನನ್ನು ನಿಲ್ಲಿಸುವುದಕ್ಕೆ ನಿಜವಾದ ಕಾರಣ ಅವನ ಓಟಕ್ಕಿಂತ ಅವನ ಕೈಗಳು. ಗಾಳಿಯಲ್ಲಿ ತಿರುಗುತ್ತ ಬರುವ ಚೆಂಡನ್ನು, ಎದುರಿಗೆ ನುಗ್ಗಿಬರುವವರ ಹೆಜ್ಜೆ ಸದ್ದು ಕೇಳುತ್ತಿರುವಾಗ, ದೀಪಗಳ ಬೆಳಕಿನಲ್ಲಿ ಹಿಡಿಯುವುದು ಸುಲಭವಲ್ಲ. ಕೈತಪ್ಪಿದ ಒಂದು ಚೆಂಡು ಎದುರಾಳಿಗೆ ದೊರೆತರೆ ಒಂದು ಪಂದ್ಯವೇ ತಿರುಗಬಹುದು. ಇದಲ್ಲದೆ ಅವನಿಗೆ ಫೇರ್ ಕ್ಯಾಚ್ ಎಂಬ ಕಾನೂನಿನ ರಕ್ಷಣೆಯಿದೆ: ತಲೆಯ ಮೇಲೆ ಕೈ ಬೀಸಿ ಸೂಚನೆ ಕೊಟ್ಟರೆ ಯಾರೂ ಅವನನ್ನು ಮುಟ್ಟುವಂತಿಲ್ಲ. ಇದೇ ರಾಜ್ಯದ ಫ್ರೀಮಾಂಟ್ ರಾಸ್ ಹೈಸ್ಕೂಲಿನಿಂದ ಬಂದ ಚಾರ್ಲ್ಸ್ ವುಡ್ಸನ್ 1997ರಲ್ಲಿ ಮಿಷಿಗನ್ ಪರವಾಗಿ ಓಹಾಯೋ ಸ್ಟೇಟ್ ವಿರುದ್ಧವೇ 78 ಗಜದ ಪಂಟ್ ರಿಟರ್ನ್ ಟಚ್‌ಡೌನ್ ಮಾಡಿ, ಆ ವರ್ಷ ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಪಡೆದ. ಪ್ರಧಾನವಾಗಿ ಡಿಫೆನ್ಸ್ ಆಡುವವನೊಬ್ಬನಿಗೆ ಅದು ದಕ್ಕಿದ್ದು ಅದೇ ಮೊದಲು. ಅವನನ್ನು ಪಂಟ್‌ಗಳಿಂದ ದೂರವಿಟ್ಟಿದ್ದರೆ ಆ ಸೀಸನ್ ಹೇಗಿರುತ್ತಿತ್ತೆಂದು ಕಲ್ಪಿಸುವುದು ಕಷ್ಟ.

ಪಂಟ್ ಒದೆಯುವ ಗುಂಪಿನಲ್ಲಿ ಪಂಟರ್‌ನನ್ನು ಕಾಯುವವರು, ಹಿಂದಕ್ಕೆ ಚೆಂಡು ಎಸೆಯುವ ಲಾಂಗ್ ಸ್ನ್ಯಾಪರ್, ಫೀಲ್ಡ್ ಗೋಲ್‌ನಲ್ಲಿ ಚೆಂಡು ಹಿಡಿದು ಕೂರುವ ಹೋಲ್ಡರ್, ಈ ಜಾಗಗಳಿಗೆ ಅತ್ಯಂತ ನಂಬಿಕಸ್ಥರೇ ಬೇಕು. ಡಿಕ್ಕಿಯ ವೇಗವೂ ಅಲ್ಲಿ ಕಡಿಮೆ. ಇವುಗಳ ಬಗ್ಗೆ ವಾದವೇ ಬೇಡ.

ಸಣ್ಣ ಶಾಲೆಗಳ ಪಾಡು ಮಾತ್ರ ಬೇರೆ. ಓಹಾಯೋದಲ್ಲಿ ಶಾಲೆಗಳನ್ನು ವಿದ್ಯಾರ್ಥಿ ಸಂಖ್ಯೆಯ ಆಧಾರದ ಮೇಲೆ ಏಳು ವಿಭಾಗಗಳಾಗಿ ಹಂಚಿದ್ದಾರೆ, ಮತ್ತು ಏಳನೆಯ ವಿಭಾಗದ ಹಳ್ಳಿಯ ಶಾಲೆಯಲ್ಲಿ ಮೂವತ್ತು ಮಂದಿಯ ತಂಡ ಸೇರಿಸುವುದೇ ಸಾಹಸ. ಅಲ್ಲಿ ಸ್ಟಾರ್ ಅಫೆನ್ಸ್, ಡಿಫೆನ್ಸ್ ಎರಡನ್ನೂ ಆಡುತ್ತಾನೆ. ಅಂಥ ಕಡೆ ನಾನು ಹೆದರುವುದು ದಣಿವಿಗೆ. ಅರುವತ್ತು ಗಜ ಓಡಿ ಟಚ್‌ಡೌನ್ ಮಾಡಿದ ರನ್ನಿಂಗ್ ಬ್ಯಾಕ್, ಹೆಚ್ಚುವರಿ ಅಂಕದ ಒದೆತ ಮುಗಿದೊಡನೆ ಕಿಕ್‌ಆಫ್ ಕವರೇಜ್‌ಗೆ ಓಡಬೇಕು, ಅದಾದ ಮೇಲೆ ಹೊರಗೆ ಬರದೆ ಡಿಫೆನ್ಸ್‌ನಲ್ಲಿ ನಿಲ್ಲಬೇಕು. ಉಸಿರು ಹಿಡಿಯದ ಹುಡುಗ ತಲೆ ಬಗ್ಗಿಸುತ್ತಾನೆ, ಮತ್ತು ಕುತ್ತಿಗೆಗೆ ಪೆಟ್ಟಾಗುವುದು ತಲೆ ಬಗ್ಗಿದಾಗಲೇ. ಬೇರೆ ಯಾವ ಬದಲಾವಣೆ ಸಾಧ್ಯವಾಗದಿದ್ದರೂ ಆ ಒಂದು ಕವರೇಜ್ ಓಟದಿಂದ ಅವನಿಗೆ ಬಿಡುವು ಕೊಡುವುದು ಸಾಧ್ಯ. ಎರಡನೇ ಅರ್ಧದಲ್ಲಿ ಅಂತರ 30 ಅಂಕ ತಲುಪಿ ಗಡಿಯಾರ ನಿಲ್ಲದೆ ಓಡತೊಡಗಿದ ಮೇಲೂ ಸ್ಟಾರ್‌ನನ್ನು ಯಾವುದೇ ಒದೆತಕ್ಕೆ ಇಳಿಸುವ ಕೋಚ್‌ನನ್ನು ನಾನು ಸಮರ್ಥಿಸಲಾರೆ. ಕೊನೆಯ ನಿಮಿಷಗಳಲ್ಲಿ ಎದುರಾಳಿ ಆನ್‌ಸೈಡ್ ಒದೆಯುವಾಗ, ಅಂದರೆ ಚೆಂಡನ್ನು ತಾನೇ ಮರಳಿ ಪಡೆಯಲೆಂದು ಹತ್ತಿರಕ್ಕೆ ಒದೆಯುವಾಗ, ಮಾತ್ರ ಗಟ್ಟಿ ಕೈಯವರೆಲ್ಲ ಮುಂದೆ ನಿಲ್ಲಬೇಕು, ಸ್ಟಾರ್ ಕೂಡ. ಓಟ ಹತ್ತೇ ಗಜದ್ದು, ಪಂದ್ಯ ಆ ಚೆಂಡಿನ ಮೇಲೆ ನಿಂತಿರುತ್ತದೆ.

ಸೀಸನ್‌ಗೆ ಮುಂಚೆ ಪೋಷಕರ ಸಭೆಗೆ ಹೋಗುವವರು ಸ್ಟಾರ್‌ನ ಚಿಂತೆ ಬದಿಗಿಟ್ಟು ಕೋಚ್‌ನನ್ನು ಎರಡು ವಿಷಯ ಕೇಳಲಿ: ಕವರೇಜ್ ಓಡುವ ಹುಡುಗರಿಗೆ ಟ್ಯಾಕಲ್ ಕಲಿಸಲು ವಾರದ ಅಭ್ಯಾಸದಲ್ಲಿ ಎಷ್ಟು ಹೊತ್ತು ಮೀಸಲಿದೆ, ಮತ್ತು ಚೆಂಡನ್ನು ಗೋಲ್ ಗೆರೆಯವರೆಗೆ ಒದೆಯಬಲ್ಲವನನ್ನು ಯಾರು ತಯಾರು ಮಾಡುತ್ತಿದ್ದಾರೆ. ಎರಡಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ, ನಿಮ್ಮ ಮಗ ತಂಡದ ಸ್ಟಾರ್ ಆಗಿರಲಿ, ಬೆಂಚಿನ ಕೊನೆಯವನಾಗಿರಲಿ, ಅವನನ್ನು ಕಿಕ್‌ಆಫ್ ಕವರೇಜ್‌ನಿಂದ ಹೊರಗಿಡಿ ಎಂದು ಕೇಳಲು ಸಂಕೋಚಪಡಬೇಡಿ.