ಅಣ್ಣ ಬಡಿಗೇರ, ತಮ್ಮ ಆಚಾರ್: ಅಸಲಿ ಯಾವುದು ಅಂತ ಕೇಳುವವರಿಗೆ

ನಾನು ನಮ್ಮ ಮನೆತನದ ಹಳೇ ಕಾಗದ ಹುಡುಕುತ್ತೇನೆ ಅಂತ ಗೊತ್ತಾದ ಮೇಲೆ ದಾವಣಗೆರೆಯಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ರಾಣೆಬೆನ್ನೂರಿನವರು ಬಡಿಗೇರ, ನೀವು ಆಚಾರ್, ಹರಪನಹಳ್ಳಿ ಕಡೆ ಹೋದವರು ಆಚಾರಿ. ಎಲ್ಲಾ ಒಂದೇ ಮನೆ ಅಂತೀರಿ. ಇದರಲ್ಲಿ ಅಸಲಿ ಯಾವುದು?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದು ಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೂರೂ ಅಸಲಿ. ಮೂರೂ ನಮ್ಮವೇ.

ಹರಿಹರದಲ್ಲಿ ಹೊಳೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು. ಈಗ ಅದು ಹಾವೇರಿ ಜಿಲ್ಲೆ. ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ್ಯ. ತುಂಗಭದ್ರೆಯ ಈಚೆ ಮೈಸೂರು ಸಂಸ್ಥಾನ. ಉತ್ತರಕ್ಕೆ ಹೋದರೆ ಹರಪನಹಳ್ಳಿ. ಅದು ಬಳ್ಳಾರಿ ಜಿಲ್ಲೆಗೆ ಸೇರಿ, 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಗಾಡಿ ಕಟ್ಟಿಕೊಂಡು ಹೊರಟರೆ ಒಂದೆರಡು ದಿನದಲ್ಲಿ ಮೂರು ಸರ್ಕಾರ ಮುಟ್ಟಿ ಬರಬಹುದಿತ್ತು. ಮೂರು ಕಡೆಯೂ ಹೆಸರು ಬರೆಯುವ ರೂಢಿ ಬೇರೆ ಬೇರೆ.

ಮುಂಬೈ ಪ್ರಾಂತ್ಯದ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ಬರೆಯುತ್ತಿದ್ದರು. ಮೈಸೂರು ಕಡೆ ಇಂಥವನು ಬಿನ್ ಇಂಥವನು, ಅಷ್ಟೇ. ಹಾಗಾಗಿ ಹೊಳೆ ಆಚೆ ಶಾಲೆಗೆ ಸೇರಿದ ನಮ್ಮ ಹುಡುಗನಿಗೆ ಒಂದು ಅಡ್ಡಹೆಸರು ಬೇಕೇ ಬೇಕಾಯಿತು. ಅಪ್ಪ ಮರದ ಕೆಲಸ ಮಾಡುತ್ತಾನೆ, ಬಡಿಗೇರ ಅಂತ ಮೇಷ್ಟ್ರು ಬರೆದುಕೊಂಡರು. ಈಚೆ ಊರಿನವರು ನಮ್ಮ ಹಿರಿಯ ಕಾಳಪ್ಪನನ್ನು ಗೌರವದಿಂದ ಕಾಳಾಚಾರ್ ಅಂತ ಕರೆಯುತ್ತಿದ್ದರು. ಮಕ್ಕಳ ಹೆಸರಿನಲ್ಲೂ ಅದೇ ಉಳಿಯಿತು. ಬಳ್ಳಾರಿ ಸೀಮೆಯಲ್ಲಿ ಅದೇ ಆಚಾರಿ ಆಯಿತು.

ಇದು ನಮಗೊಬ್ಬರಿಗೇ ಆದದ್ದಲ್ಲ. ಈಚೆ ಶಾನುಭೋಗರು, ಹೊಳೆ ಆಚೆ ಕುಲಕರ್ಣಿ, ಬಳ್ಳಾರಿ ಕಡೆ ಕರಣಂ. ಈಚೆ ಗೌಡರು, ಆಚೆ ಪಾಟೀಲರು. ಆದರೆ ಪಾಟೀಲರನ್ನು ನಿಲ್ಲಿಸಿ ಅಸಲಿ ಹೆಸರು ಏನು ಅಂತ ಯಾರೂ ಕೇಳುವುದಿಲ್ಲ. ನಮ್ಮನ್ನು ಕೇಳುತ್ತಾರೆ.

ಯಾಕೆ ಕೇಳುತ್ತಾರೆ ಅಂತ ನನಗೆ ಗೊತ್ತು. ನಮ್ಮ ಮನೆಯ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ದೊಡ್ಡಪ್ಪನನ್ನು ಕೇಳಿದರು. "ಆಚಾರ್ ಅಂತ ಇಟ್ಕೊಂಡಿದ್ದೀರಲ್ಲ, ಮೊದಲು ಏನಂತ ಇತ್ತು?" ದೊಡ್ಡಪ್ಪ ಹೋಳಿಗೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ಇಟ್ಕೊಂಡಿದ್ದೀರಿ ಅಂತೆ! ಯಾರದೋ ವಸ್ತು ತಂದು ಮನೆಯಲ್ಲಿ ಇಟ್ಟುಕೊಂಡ ಹಾಗೆ. ಅಷ್ಟರಲ್ಲಿ ರಾಣೆಬೆನ್ನೂರಿನ ಮನೆಯ ನಮ್ಮ ಸೋದರತ್ತೆ ತುಪ್ಪ ಬಡಿಸುತ್ತಾ ಬಂದರು. ಅವರಿಗೆ ಎಲ್ಲಾ ಕೇಳಿಸಿತ್ತು. "ನಾವೇನೂ ಇಟ್ಕೊಂಡಿಲ್ರಿ ಯಜಮಾನ್ರ, ನಿಮ್ಮ ಮಂದೀನ ಇಟ್ಟದ್ದು. ನಮಗ ಅಲ್ಲೆ ಒಂದು ಇಟ್ರು, ಇಲ್ಲೆ ಒಂದು ಇಟ್ರು. ತುಪ್ಪ ಹಾಕ್ಲೇನ್ರಿ?" ಇಡೀ ಪಂಕ್ತಿ ನಕ್ಕಿತು. ಆ ಹಿರಿಯರೂ ನಕ್ಕು ತುಪ್ಪ ಹಾಕಿಸಿಕೊಂಡರು. ದೊಡ್ಡಪ್ಪ ಮಾತ್ರ ನಗಲಿಲ್ಲ. ಸಾಯಂಕಾಲದವರೆಗೂ ಯಾರ ಹತ್ತಿರವೂ ಮಾತಾಡಲಿಲ್ಲ.

ಜಾತಿ ಕೇಳಬೇಕಿದ್ದರೆ ಜಾತಿ ಅಂತಲೇ ಕೇಳಿ. ಹೇಳುತ್ತೇನೆ. ವಿಶ್ವಕರ್ಮರು, ಮರದ ಕೆಲಸದವರು. ಮುಚ್ಚಿಡುವುದು ಏನೂ ಇಲ್ಲ. ಅದನ್ನು ಕೇಳಲು ನಾಚಿಕೆಪಟ್ಟುಕೊಂಡು ಅಡ್ಡಹೆಸರಿನ ಬಾಗಿಲಿಂದ ಬರಬೇಡಿ. ಸರ್ಕಾರದ ಗುಮಾಸ್ತ ಬರೆದದ್ದಕ್ಕೆ ನಮ್ಮ ಹಿರಿಯರ ಮೇಲೆ ಅನುಮಾನ ಪಡಬೇಡಿ.

ಇನ್ನು ಕೆಲವರು, "ಪಹಣಿ ತೆಗೆಸಿದರೆ ಎಲ್ಲಾ ಗೊತ್ತಾಗುತ್ತೆ ಬಿಡಿ" ಅನ್ನುತ್ತಾರೆ. ಹೊಲ ಇದ್ದವರ ಮಟ್ಟಿಗೆ ಅದು ನಿಜ. ಅಪ್ಪ ತೀರಿಕೊಂಡು ಮಗನ ಹೆಸರಿಗೆ ಖಾತೆ ಆದದ್ದು ಮ್ಯುಟೇಷನ್ ರಿಜಿಸ್ಟರಿನಲ್ಲಿ ಇರುತ್ತದೆ. ಅದನ್ನು ಹಿಡಿದು ತಲೆಮಾರು ಹಿಂದಕ್ಕೆ ಹೋಗಬಹುದು. ನಮ್ಮವರಿಗೆ ಹೊಲ ಇರಲಿಲ್ಲ. ಊರಿನ ರೈತರಿಗೆ ನೇಗಿಲು, ಕುಂಟೆ, ಕೂರಿಗೆ ಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ, ಅಂದರೆ ಕೆಲಸಕ್ಕೆ ಬದಲಾಗಿ ಕೊಡುವ ಕಾಳು, ತರುತ್ತಿದ್ದರು. ಕಾಳಿನ ಲೆಕ್ಕಕ್ಕೆ ಯಾವ ಪಹಣಿ?

ನಮ್ಮವರು ನನಗೆ ಸಿಕ್ಕಿದ್ದು ಬೇರೆಯವರ ಕ್ರಯಪತ್ರದಲ್ಲಿ. ಮನೆ ಮಾರುವಾಗ ಚಕ್ಕುಬಂದಿ ಬರೆಯುತ್ತಾರಲ್ಲ, ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಏನು ಅಂತ? ಮೂಲ ಊರಿನಲ್ಲಿ ಒಂದು ಮನೆಯವರು ಟ್ರಂಕಿನಲ್ಲಿ ಇಟ್ಟಿದ್ದ ಹಳೇ ಪತ್ರ ತೋರಿಸಿದರು. ಅದರಲ್ಲಿ "ಪೂರ್ವಕ್ಕೆ ಬಡಗಿ ಕಾಳಪ್ಪನ ಮನೆ" ಅಂತ ಇತ್ತು. ಪತ್ರ ಆ ಮನೆಯದು, ಸಾಕ್ಷಿ ನಮ್ಮದು. ಹೊಲ ಇಲ್ಲದ ಯಾರೇ ಆಗಲಿ, ತಮ್ಮವರನ್ನು ಹುಡುಕಬೇಕಿದ್ದರೆ ಅಕ್ಕಪಕ್ಕದ ಮನೆಗಳ ಹಳೇ ಪತ್ರ ಕೇಳಿ ನೋಡಲಿ.

ಹೆಸರಿನ ಕಷ್ಟ ಇನ್ನೊಂದು. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ. ಕಾಳಪ್ಪ ಬಿನ್ ಈರಪ್ಪ, ಈರಪ್ಪ ಬಿನ್ ಕಾಳಪ್ಪ, ಮತ್ತೆ ಕಾಳಪ್ಪ. ಇಸವಿ ಇಲ್ಲದ ಕಾಗದದಲ್ಲಿ ತಾತ ಯಾರು, ಮೊಮ್ಮಗ ಯಾರು ಅಂತ ತಿಳಿಯುವುದಿಲ್ಲ. ಜೊತೆಗೆ ಇಂಗ್ಲಿಷಿನಲ್ಲಿ ಬರೆದಾಗ ಕಾಳಪ್ಪ, ಕಲ್ಲಪ್ಪ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅದನ್ನು ಯಾರೋ ತಿರುಗಿ ಕನ್ನಡಕ್ಕೆ ತಂದಾಗ ಕಾಲಪ್ಪ ಅಂತ ಮೂರನೆಯವನು ಹುಟ್ಟುತ್ತಾನೆ. ಹುಡುಕುವಾಗ ಮೂರನ್ನೂ ಬರೆದಿಟ್ಟುಕೊಂಡು ಹೋಗಬೇಕು. ಊರು ಒಂದೇ ಜಿಲ್ಲೆಯಲ್ಲಿ ನಿಲ್ಲುವುದಿಲ್ಲ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಕಾಗದ ಕೈಕೊಟ್ಟ ಕಡೆ ಹೆಳವರು ಕೈ ಹಿಡಿದರು. ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬಂದು, ಮನೆ ಮುಂದೆ ನಿಂತು ವಂಶ ಹೇಳುವವರನ್ನು ನಮ್ಮ ಕಡೆಯ ಹಳಬರು ಎಲ್ಲರೂ ನೋಡಿದ್ದಾರೆ. ಅವರು ಒಕ್ಕಲು ಮನೆಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಅವರಿಗೂ ಸುಗ್ಗಿಯ ಕಾಳೇ ಸಂಬಳ. ನಮ್ಮ ಮನೆಯ ಸಾಲು ಓದಿದವರು ಅಡ್ಡಹೆಸರನ್ನು ಹೇಳಲೇ ಇಲ್ಲ. ಒಬ್ಬ ತಂದೆ, ಮೂವರು ಮಕ್ಕಳು. ಧಾತು ಸಂವತ್ಸರದ ಬರದಲ್ಲಿ ಒಬ್ಬ ಹೊಳೆ ಆಚೆ ಹೋದ, ಒಬ್ಬ ಬಡಗಲಿಗೆ ಹೋದ, ಒಬ್ಬ ಉಳಿದ ಅಂತ ಓದಿದರು.

ನನ್ನನ್ನು ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಆ ಇಬ್ಬರು ಯಾಕೆ ಊರು ಬಿಟ್ಟರು ಅಂತ ಕೇಳಿ. ಯಾರೂ ಕೇಳುವುದಿಲ್ಲ.

ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು ಅಂದರೆ 1816 ಇರಬಹುದು, 1876 ಇರಬಹುದು, 1936 ಇರಬಹುದು. ಹೊಳೆ ಆಚೆ ಹೋದವನ ಮೊಮ್ಮಗ 1936ರ ಹೊತ್ತಿಗೆ ಅಲ್ಲಿನ ಶಾಲೆ ಮುಗಿಸಿ ದುಡಿಯುತ್ತಿದ್ದ. ತಲೆಮಾರು ಎಣಿಸಿದರೆ 1816 ತೀರಾ ಹಿಂದಾಯಿತು. ಉಳಿದದ್ದು 1876, ದೊಡ್ಡ ಬರದ ವರ್ಷ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯಲ್ಲಿ 50 ಲಕ್ಷಕ್ಕೂ ಜಾಸ್ತಿ ಜನ ಇದ್ದರು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಆ ಲೆಕ್ಕದಲ್ಲಿ ನಮ್ಮ ಬಡಗಿಯ ಮನೆಯನ್ನು ಇಟ್ಟು ನೋಡಿ. ಮಳೆ ಇಲ್ಲ ಅಂದರೆ ಬಿತ್ತನೆ ಇಲ್ಲ. ಬಿತ್ತನೆ ಇಲ್ಲದ ವರ್ಷ ಕೂರಿಗೆ ಯಾರಿಗೆ ಬೇಕು? ಕಣ ಇಲ್ಲ, ಆಯ ಇಲ್ಲ. ರೈತನ ಹಗೇವಿನಲ್ಲಿ ಹಳೇ ಜೋಳ ಒಂದಿಷ್ಟು ಇದ್ದೀತು. ಬಡಗಿಯ ಮನೆಯಲ್ಲಿ ಉಳಿ, ಬಾಚಿ, ಗರಗಸ ಬಿಟ್ಟರೆ ಏನಿತ್ತು? ಮೂವರಿಗೆ ಸಾಕಾಗದ ಊರಿನಲ್ಲಿ ಒಬ್ಬನಾದರೂ ಬದುಕಲಿ ಅಂತ ಇಬ್ಬರು ಹೊರಟಿದ್ದಾರೆ. ಬಡಿಗೇರ, ಆಚಾರಿ ಅನ್ನುವ ಹೆಸರು ಸಿಕ್ಕಿದ್ದು ಆಮೇಲೆ.

ರಾಣೆಬೆನ್ನೂರಿನ ಮನೆ ಸಿಕ್ಕಿದೆ, ಹೋಗಿ ಬಂದು ಮಾಡುತ್ತೇವೆ. ಬಡಗಲಿಗೆ ಹೋದವನ ಮಕ್ಕಳು ಮೊಮ್ಮಕ್ಕಳು ಹರಪನಹಳ್ಳಿ ಸೀಮೆಯಲ್ಲಿ ಇದ್ದರು ಅನ್ನುವವರೆಗೆ ಗೊತ್ತಾಗಿದೆ. ಅಲ್ಲಿಂದ ಮುಂದೆ ಜಾಡು ಸಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಮರದ ಕೆಲಸ ಇದ್ದು, "ನಮ್ಮ ಮುತ್ತಾತ ಬರಗಾಲದಲ್ಲಿ ದಾವಣಗೆರೆ ಕಡೆಯಿಂದ ಬಂದವನು" ಅಂತ ಯಾರಾದರೂ ಹಿರಿಯರು ಹೇಳುತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ. ಹಳೇ ಪತ್ರ ಇದ್ದರೆ ಚಕ್ಕುಬಂದಿ ಇರುವ ಪುಟದ ಒಂದು ಫೋಟೋ ಕಳಿಸಿ, ಸಾಕು.