ಮಳೆ ಲೆಕ್ಕಕ್ಕೂ ಮೊದಲು ಹಿಮದ ರಾಶಿ ಎಲ್ಲಿ ಬೀಳುತ್ತೆ ಅಂತ ಕೇಳಿ

ಪುಣೆಯ ನಮ್ಮ ಆಫೀಸಿನಲ್ಲಿ ಕೂತು ಕೆನಡಾ, ಅಮೆರಿಕದ ಉತ್ತರ ಭಾಗದ ಊರುಗಳಿಗೆ ರೇನ್ ಗಾರ್ಡನ್, ಅಂದರೆ ಹರಿದು ಬರುವ ನೀರನ್ನು ಹಿಡಿದು ಮಣ್ಣಿನೊಳಗೆ ಇಳಿಸುವ ತಗ್ಗಿನ ತೋಟದ ಡ್ರಾಯಿಂಗ್ ಮಾಡುತ್ತೇವೆ. ಬೆಳಗಾವಿ, ವಿಜಯಪುರ ಕಡೆಯಿಂದ ಹೊಸದಾಗಿ ಸೇರಿದ ಹುಡುಗರು ಮೊದಲು ಕೇಳೋದು ಇದನ್ನೇ: "ಸರ್, ಗಂಟೆಗೆ ಮಳೆ ಎಷ್ಟು?" 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಮೀ ಸುರಿದ ಸುದ್ದಿ ಕೇಳಿ ಬೆಳೆದವರು, ಹಾಗೆ ಕೇಳೋದು ಸಹಜ ಅಲ್ವಾ?

ಆದರೆ ಚಳಿ ಊರಿನಲ್ಲಿ ಜನವರಿಯಲ್ಲಿ ಬಿದ್ದ ಹಿಮ ನೀರಾಗೋದು ಮಾರ್ಚ್, ಏಪ್ರಿಲ್‌ನಲ್ಲಿ. ಅದೂ ಹಿಮ ತಳ್ಳುವ ಗಾಡಿ ಎಲ್ಲಿ ರಾಶಿ ಹಾಕಿತ್ತೋ ಅಲ್ಲಿಂದ. ಆ ರಾಶಿ ಇನ್‌ಲೆಟ್‌ಗೇ, ಅಂದರೆ ತೋಟಕ್ಕೆ ನೀರು ಬರುವ ಬಾಯಿಗೇ ಅಡ್ಡ ಬಿದ್ದರೆ ತೋಟದೊಳಗೆ ನೀರಿಗೆ ದಾರಿಯೇ ಇಲ್ಲ. ರಸ್ತೆಯಲ್ಲೇ ನಿಂತು ರಾತ್ರಿ ಮತ್ತೆ ಮಂಜುಗಡ್ಡೆಯಾಗುತ್ತದೆ. ಹಿಮ ಕರಗುವ ದಿನವೇ ಮಳೆಯೂ ಹಿಡಿದರೆ ಇನ್ನೂ ಕಷ್ಟ, ಏಕೆಂದರೆ ಕೆಳಗಿನ ನೆಲ ಆಗಲೂ ಗಟ್ಟಿಯಾಗೇ ಇರುತ್ತದೆ.

ಹಾಗಾಗಿ ಮಣ್ಣಿನ ವಿಷಯದಲ್ಲಿ ನಾನು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ. ನಮ್ಮ ಎರೆ ಮಣ್ಣಿನಂಥ ಜಿಗುಟು ಮಣ್ಣು ನೀರು ಹಿಡಿದುಕೊಂಡೇ ಹೆಪ್ಪುಗಟ್ಟಿದರೆ ಕಾಂಕ್ರೀಟಿನ ಹಾಗೆ ಆಗಿಬಿಡುತ್ತದೆ, ಹನಿ ನೀರೂ ಇಳಿಯುವುದಿಲ್ಲ. ಮರಳು ಜಾಸ್ತಿ ಇದ್ದು, ಚಳಿ ಹಿಡಿಯುವ ಮೊದಲೇ ನೀರು ಬಸಿದು ಹೋಗಿದ್ದರೆ, ಕಣಗಳ ನಡುವಿನ ಸಂದು ತೆರೆದೇ ಇರುತ್ತದೆ. ಉಷ್ಣಾಂಶ ಸೊನ್ನೆಗಿಂತ ಕೆಳಗಿದ್ದರೂ ಅದರಲ್ಲಿ ನೀರು ಇಳಿಯಬಲ್ಲದು. ಅದಕ್ಕೇ ತಳದಲ್ಲಿ ತೂತಿನ ಪೈಪು ಹಾಕಿ, ಚಳಿಗಾಲಕ್ಕೆ ಮುಂಚೆ ತೋಟ ಪೂರ್ತಿ ಬಸಿಯುವ ಹಾಗೆ ನೋಡಿಕೊಳ್ಳುತ್ತೇವೆ. "ಫಲವತ್ತಾದ ಮಣ್ಣಿಲ್ಲದೆ ಗಿಡ ಬರುತ್ತಾ ಸರ್?" ಅಂತ ಹುಡುಗರು ವಾದ ಮಾಡುತ್ತಾರೆ. ಸ್ವಿಚ್‌ಗ್ರಾಸ್‌ನಂಥ ಹುಲ್ಲು ಚೆನ್ನಾಗೇ ಬರುತ್ತದೆ. ಅದು ಉಪ್ಪನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ.

ಉಪ್ಪು ಅಂದೆ. ಜಾರಬಾರದು ಅಂತ ರಸ್ತೆಗೆ ಸುರಿದ ಉಪ್ಪೆಲ್ಲ ಕರಗಿದ ನೀರಿನ ಜೊತೆ ತೋಟಕ್ಕೇ ಬರುತ್ತದೆ. ಅದರ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಸಿ ಮಣ್ಣಿನ ಸಂದು ಮುಚ್ಚುತ್ತದೆ. ಇದು ಮರಳಿಗೆ ಹಟ ಹಿಡಿಯಲು ಇನ್ನೊಂದು ಕಾರಣ. ಕ್ಲೋರೈಡ್ ಮಾತ್ರ ಮಣ್ಣಲ್ಲೂ ನಿಲ್ಲುವುದಿಲ್ಲ, ಗಿಡವೂ ಅದನ್ನು ಪೂರ್ತಿ ಹೀರುವುದಿಲ್ಲ. ಸೀದಾ ಅಂತರ್ಜಲಕ್ಕೋ ಹಳ್ಳಕ್ಕೋ ಸೇರುತ್ತದೆ. ರೇನ್ ಗಾರ್ಡನ್ ಎಲ್ಲವನ್ನೂ ಶುದ್ಧ ಮಾಡುತ್ತದೆ ಅಂತ ಸುಮ್ನೆ ಹೇಳಿ ಕಳಿಸುವುದು ನನಗೆ ಸರಿ ಅನಿಸುವುದಿಲ್ಲ. ಉಪ್ಪು ಕಡಿಮೆ ಸುರಿಯಿರಿ, ಉಪ್ಪಿಲ್ಲದ ಚಾವಣಿ ನೀರನ್ನು ಉಪ್ಪಿನ ರಸ್ತೆ ನೀರಿಗೆ ಸೇರಿಸಬೇಡಿ ಅಂತ ರಿಪೋರ್ಟಿನಲ್ಲೇ ಬರೆಯುತ್ತೇವೆ.

ಈಗ ನಮ್ಮ ಪ್ರತಿ ಡ್ರಾಯಿಂಗಿನಲ್ಲೂ ಹಿಮದ ರಾಶಿಗೆ ಒಂದು ಬೇರೆ ಲೇಯರ್ ಇದೆ. ಅದನ್ನು ತುಂಬಲು ಅಲ್ಲಿ ಹಿಮ ತಳ್ಳುವ ಗಾಡಿ ಓಡಿಸುವವರನ್ನು ಮೊದಲ ಮೀಟಿಂಗಿಗೇ ಕರೆಯಿರಿ ಅಂತ ಕೇಳುತ್ತೇವೆ.